ಅಕ್ಕಾ, ಒಂದ ಮಾತ ಕೇಳ್ಲೇನು? ಧಾರವಾಡಕ್ಕ ಓದಾಕ ಬಂದವರು ಪದೇ ಪದೇ ಕೇಳೋ ಪ್ರಶ್ನೆಗಳು

ಮೊದಲ ಹೇಳಿಬಿಡ್ತೇನಿ, ನಾ ಡಾಕ್ಟರ್ ಅಲ್ಲ. ಡಿಗ್ರಿ ಕಾಲೇಜಿನ್ಯಾಗ ಗೆಸ್ಟ್ ಲೆಕ್ಚರರ್ ಅದೀನಿ. ಗದಗ ಕಡೆ ಹಳ್ಳಿಯಿಂದ ಧಾರವಾಡಕ್ಕ ಎಂಎ ಮಾಡಾಕ ಬಂದಾಕಿ ಇಲ್ಲೇ ಉಳಕೊಂಡೆ, ಸಪ್ತಾಪುರದ ಪಿಜಿಯೊಳಗ ಐದ ವರ್ಷ ಇದ್ದೆ, ಅದರಾಗ ಒಂದ ವರ್ಷ ನನ್ನ ಮನಸ್ಸೂ ಭಾಳ ಕೆಟ್ಟ ಹೋಗಿತ್ತು. ಈಗ ಕ್ಲಾಸ್ ಮುಗದ ಮ್ಯಾಲೆ ಹುಡುಗ್ರು ಹುಡುಗ್ಯಾರು ಬಾಗಲದಾಗ ನಿಂತು ಮೊದಲ ಸಿಲೆಬಸ್ ಬಗ್ಗೆ ಏನೋ ಕೇಳ್ತಾರ, ಎಲ್ಲಾರೂ ಹೋದ ಮ್ಯಾಲೆ ಮನಸ್ಸಿನ ತ್ರಾಸದ ಖರೇ ಪ್ರಶ್ನಿ ಹೊರಗ ಬರ್ತೈತಿ. ಅವೇ ಪ್ರಶ್ನಿ ವರ್ಷಾ ವರ್ಷಾ ಬರ್ತಾವ, ಅದಕ್ಕ ಒಂದ ಕಡೆ ಬರದ ಇಟ್ಟೇನಿ.

ಬಂದು ಎರಡ ತಿಂಗಳಾತು, ಇನ್ನೂ ಮನಿ ನೆನಪಾಗಿ ಅಳು ಬರ್ತೈತಿ. ನಾ ಅಷ್ಟ ವೀಕ್ ಅದೀನೇನು?

ಇಲ್ಲ ತಂಗಿ. ಹದಿನೆಂಟ ವರ್ಷ ಅವ್ವ ರೊಟ್ಟಿ ಬಡಿಯೋ ಸಪ್ಪಳಕ್ಕ ಎದ್ದಾಕಿ ನೀ, ಈಗ ಗುರ್ತಿಲ್ಲದ ಮೂರ ಮಂದಿ ಜೋಡಿ ಒಂದ ರೂಮಿನ್ಯಾಗ ಯಾರದೋ ಅಲಾರಾಂಗೆ ಏಳ್ತಿ, ಅಳು ಬರದಿದ್ರನ ಆಶ್ಚರ್ಯ. ಒಂದ ಮಾತ ಮಾತ್ರ ಕೇಳು, ಶುಕ್ರವಾರ ಬಂದ ಕೂಡ್ಲೆ ಚೀಲ ತಗೊಂಡು ಬಸ್ ಹತ್ತೋದು ಸ್ವಲ್ಪ ಕಡಿಮಿ ಮಾಡು, ಎರಡ ವಾರಕ್ಕೊಮ್ಮೆ ಹೋಗು. ಯಾಕಂದ್ರ ಇಲ್ಲಿ ಹುಡುಗ್ಯಾರು ಗೆಳತ್ಯಾರ ಆಗೋದು ಕ್ಲಾಸಿನ್ಯಾಗಲ್ಲ, ಆಯಿತವಾರ ಬಟ್ಟಿ ಒಗಿಯೋ ಮುಂದ, ಕೆಲಗೇರಿ ಕೆರಿ ಕಡೆ ಅಡ್ಡಾಡಾಕ ಹೋಗೋ ಮುಂದ ಆಗೋದು, ಆ ಹೊತ್ತಿಗೆ ನೀ ಬಸ್ಸಿನ್ಯಾಗ ಇದ್ರ ಸೋಮವಾರ ಮತ್ತ ಹೊಸಾಕಿನ ಆಗಿ ಬರ್ತಿ. ಖಾನಾವಳಿಗೆ ಒಬ್ಬಾಕಿನ ಹೋಗಬ್ಯಾಡ, ಯಾರನ್ನಾರ ಕರಕೊಂಡ ಹೋಗು.

ಬರೇ ಬ್ಯಾಸರ ಯಾವುದು, ಡಿಪ್ರೆಶನ್ ಯಾವುದು? ಹೆಂಗ ಗೊತ್ತಾಗ್ತೈತಿ?

ಇದು ಎಲ್ಲಾಕ್ಕಿಂತ ಜಾಸ್ತಿ ಬರೋ ಪ್ರಶ್ನಿ, ಅದಕ್ಕ ಸಾವಕಾಶ ಹೇಳ್ತೇನಿ.

ಬ್ಯಾಸರಕ್ಕ ಒಂದ ಕಾರಣ ಇರ್ತೈತಿ, ಇಂಟರ್ನಲ್ಸ್‌ನ್ಯಾಗ ಮಾರ್ಕ್ಸ್ ಬರಲಿಲ್ಲ, ಯಾರೋ ಮಾತ ಬಿಟ್ರು, ಎರಡ ದಿನ ಮಾರಿ ಸಣ್ಣ ಆಗ್ತೈತಿ, ಆಮ್ಯಾಲೆ ಯಾರೋ ಬಂದು "ಏ ಬಾರಲೇ ಗಿರಮಿಟ್ಟ ತಿನ್ನೂಣು" ಅಂದ್ರ ಎದ್ದ ಹೋಗ್ತೀರಿ, ಹೋಗಿ ನಕ್ಕ ಬರ್ತೀರಿ. ಡಿಪ್ರೆಶನ್‌ನ್ಯಾಗ ಆ ಗಿರಮಿಟ್ಟ ರುಚೀನ ಹತ್ತಂಗಿಲ್ಲ. ಡಾಕ್ಟರ್‌ಗಳು ನೋಡೋದು ಎರಡ ವಾರದ ಲೆಕ್ಕ: ಎರಡ ವಾರ ದಿನಾಲೂ, ಹೆಚ್ಚು ಕಡಿಮಿ ಇಡೀ ದಿನ, ಮನಸ್ಸು ಕುಗ್ಗಿರ್ತೈತಿ ಇಲ್ಲಾ ಯಾವುದರಾಗೂ ಆಸಕ್ತಿ ಇರಂಗಿಲ್ಲ, ಅದರ ಜೋಡಿ ನಿದ್ದಿ ಬರವಲ್ತು ಇಲ್ಲಾ ಹನ್ನೆರಡ ತಾಸು ಮಲಗಿದ್ರೂ ಸಾಲವಲ್ತು, ಹಸಿವು ಕಟ್ಟೈತಿ, ಮೈಯಾಗ ಶಕ್ತಿ ಇಲ್ಲ, ಓದಿದ್ದು ತಲಿಗೆ ಹತ್ತವಲ್ತು, ನಾ ಯಾತಕ್ಕೂ ಉಪಯೋಗಿಲ್ಲ ಅನ್ನೋ ಮಾತ ಒಳಗ ತಿರಗತಾನ ಇರ್ತೈತಿ, ಸಾಯೋ ವಿಚಾರ ಬರ್ತೈತಿ. ಇದರಾಗ ಐದ ಆರ ಕೂಡಿ ಬಂದ್ರ ಅದು ಬ್ಯಾಸರ ಅಲ್ಲ. ಪಿಎಚ್‌ಕ್ಯೂ-9 ಅಂತ 9 ಪ್ರಶ್ನಿದ ಒಂದ ಫಾರ್ಮ್ ಐತಿ, ಒಂದೊಂದಕ್ಕ 0 ಇಂದ 3 ಮಾರ್ಕ್ಸ್, ಒಟ್ಟು 27. 10 ಇಲ್ಲಾ ಅದಕ್ಕಿಂತ ಹೆಚ್ಚ ಬಂದ್ರ ಡಾಕ್ಟರ್‌ಗೆ ತೋರಸ್ರಿ. ಫಾರ್ಮ್ ತುಂಬಿದ ಕೂಡ್ಲೆ ರೋಗ ಐತಿ ಅಂತ ನೀವ ತೀರ್ಮಾನ ಮಾಡಬ್ಯಾಡ್ರಿ, ಅದು ಡಾಕ್ಟರ್ ಹತ್ರ ಹೋಗೋ ದಾರಿ ಅಷ್ಟ.

ಇನ್ನೊಂದ, ಇದನ್ನ ಭಾಳ ಮಂದಿ ಬಿಟ್ಟಬಿಡ್ತಾರ: ರಕ್ತ ತಪಾಸ ಮಾಡಸ್ರಿ. ಹಿಮೋಗ್ಲೋಬಿನ್ ಕಡಿಮಿ ಇದ್ರ, ಥೈರಾಯ್ಡ್ ಏರುಪೇರಾಗಿದ್ರ, ಬಿ12 ಇಲ್ಲದಿದ್ರ ಇದೇ ತರಹ ಸುಸ್ತು, ಇದೇ ತರಹ ಮಂಕು ಬರ್ತೈತಿ. ಮುಂಜಾನೆ ನಾಷ್ಟಾ ಬಿಟ್ಟು ಚಾ ಮ್ಯಾಲೆ ದಿನಾ ತಗಿಯೋ ಹುಡುಗ್ಯಾರಾಗ ನಾ ಇದನ್ನ ಭಾಳ ನೋಡೇನಿ.

ನಂದ ಹೇಳ್ತೇನಿ. ನಮ್ಮವ್ವ ವಾರಕ್ಕೊಮ್ಮೆ ಬುತ್ತಿ ಕಟ್ಟಿ ಊರ ಬಸ್ಸಿಗೆ ಹಾಕಿ ಕಳಸ್ತಿದ್ಲು, ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಒಂದ ಡಬ್ಬಿ ಮಾದ್ಲಿ, ಬಿಳೇ ಅರಿವ್ಯಾಗ ಗಂಟ ಹಾಕಿ ಮ್ಯಾಲೆ ಪೆನ್ನಿನ್ಯಾಗ ನನ್ನ ಹೆಸರು. ನಾ ಬಸ್ ಸ್ಟ್ಯಾಂಡಿಗೆ ಹೋಗಿ ಇಸ್ಕೊಂಡ ಬರ್ತಿದ್ದೆ. ಮೂರನೇ ಸೆಮ್ಮಿನ್ಯಾಗ ಒಂದ ವಾರ ಹೋಗಲಿಲ್ಲ, ಯಾಕ ಅಂದ್ರ ಎದ್ದು ಚಪ್ಪಲ್ ಹಾಕ್ಕೊಳ್ಳೋದು ಆಗಲಿಲ್ಲ, ಅಷ್ಟ. ಬುತ್ತಿ ಹೊಳ್ಳಿ ಊರಿಗೆ ಹೋತು. ಮುಂದಿನ ವಾರನೂ ಹಂಗ ಆತು. ಎರಡನೇ ಸಲ ಕಂಡಕ್ಟರ್ ಕಾಕಾ ಗಂಟ ಕೈಯಾಗ ಕೊಟ್ಟ ಕೂಡ್ಲೆ ಅವ್ವ ಅದೇ ಬಸ್ ಹತ್ತಿ ಬಂದ್ಲು. ಫೋನಿನ್ಯಾಗ ನಾ "ಆರಾಮ ಅದೀನಿ" ಅಂತ ದಿನಾ ಹೇಳ್ತಿದ್ದೆ, ಆಕಿ ನಂಬಿದ್ದು ನನ್ನ ಮಾತ ಅಲ್ಲ, ಹೊಳ್ಳಿ ಬಂದ ಬುತ್ತಿ. ನಿಮ್ಮ ರೂಮ್‌ಮೇಟ್ ಊಟದ ಡಬ್ಬಿ ತಗೀದ ಇಟ್ಟಿದ್ರ, ಸ್ನಾನ ಬಿಟ್ಟಿದ್ರ, ಕ್ಲಾಸಿಗೆ ಬರೋದು ಬಿಟ್ಟಿದ್ರ ಸೋಮಾರಿ ಅಂತ ಬೈಯೋಕ್ಕಿಂತ ಮೊದಲ ಹತ್ರ ಹೋಗಿ ಕುಂದರ್ರಿ.

ಎಕ್ಸಾಮ್ ಹಾಲಿನ್ಯಾಗ ಕೈ ನಡಗ್ತಾವ, ಎದಿ ಬಡ್ಕೋತೈತಿ, ಓದಿದ್ದೆಲ್ಲಾ ಮರತ ಹೋಗ್ತೈತಿ. ಏನ ಮಾಡಲಿ?

ಸ್ವಲ್ಪ ಅಂಜಿಕಿ ಬೇಕು. ಯರ್ಕ್ಸ್ ಮತ್ತ ಡಾಡ್‌ಸನ್ ಅಂತ ಇಬ್ಬರು 1908ರಾಗ ಇಲಿಗಳ ಮ್ಯಾಲೆ ಪ್ರಯೋಗ ಮಾಡಿ ತೋರಸಿದ್ದು ಇದನ್ನ, ಒತ್ತಡ ಪೂರಾ ಇಲ್ಲದಿದ್ರ ಕೆಲಸ ಆಗಂಗಿಲ್ಲ, ಅತಿಯಾದ್ರ ಕಠಿಣ ಕೆಲಸ ಕೆಟ್ಟ ಹೋಗ್ತೈತಿ. ನಿಮಗ ಆಗೋದು ಎರಡನೇದು. ಮರತ ಹೋಗಿರಂಗಿಲ್ಲ, ಒಳಗ ಐತಿ, ಅಂಜಿಕಿ ಬಾಗಲದಾಗ ಅಡ್ಡ ನಿಂತಿರ್ತೈತಿ ಅಷ್ಟ. ಪೇಪರ್ ಕೊಟ್ಟ ಕೂಡ್ಲೆ ಬರಿಯಾಕ ಹತ್ತಬ್ಯಾಡ್ರಿ, ಎರಡೂ ಪಾದ ನೆಲಕ್ಕ ಹಚ್ಚಿ ಕುಂದರ್ರಿ, ನಾಲ್ಕ ಎಣಿಸಿ ಉಸಿರ ತಗೋರಿ, ಆರ ಏಳ ಎಣಿಸಿ ಬಿಡ್ರಿ. ಬಿಡೋದು ಉದ್ದ ಇರ್ಬೇಕು, ಯಾಕಂದ್ರ ಉಸಿರ ಹೊರಗ ಬಿಡೋ ಮುಂದ ಎದಿ ಬಡಿತ ಇಳೀತೈತಿ. ಹತ್ತ ಸಲ ಮಾಡಿ, ಗೊತ್ತಿರೋ ಸಣ್ಣ ಪ್ರಶ್ನಿ ಮೊದಲ ಬರೀರಿ.

ಹಾಲಿಗೆ ಹೋಗೋ ಮೊದಲ ಒಂದ ಹಾಳಿ ಮ್ಯಾಲೆ ಹತ್ತ ನಿಮಿಷ ತಲ್ಯಾಗಿನ ಅಂಜಿಕಿ ಎಲ್ಲಾ ಬರೀರಿ, ಫೇಲಾದ್ರ ಅಪ್ಪ ಏನಂತಾನ, ಸೀಟ್ ಹೋಗ್ತೈತೇನು, ಎಲ್ಲಾ. 2011ರಾಗ ಅಮೆರಿಕಾದಾಗ ಭಾಳ ಅಂಜೋ ಹುಡುಗ್ರ ಕೈಲಿ ಹಿಂಗ ಬರಿಸಿದಾಗ ಅವರ ಮಾರ್ಕ್ಸ್ ಜಾಸ್ತಿ ಆಗಿದ್ದು ಕಂಡಿತ್ತು. ಆ ಹಾಳಿ ಹರದ ಒಗೀರಿ, ಯಾರೂ ಓದಬೇಕಂತಿಲ್ಲ.

ಎಕ್ಸಾಮ್ ಇಲ್ಲದಾಗನೂ ಒಮ್ಮಿಂದೊಮ್ಮೆಲೆ ಎದಿ ಹಿಡದಂಗಾಗಿ, ಬೆವತು, ಈಗ ಸಾಯ್ತೇನಿ ಅನ್ನಂಗ ಆದ್ರ ಅದು ಪ್ಯಾನಿಕ್ ಅಟ್ಯಾಕ್ ಇರಬಹುದು. ಹತ್ತ ನಿಮಿಷದಾಗ ಅದು ತುದಿ ಮುಟ್ಟಿ ತಾನ ಇಳೀತೈತಿ. ಆದ್ರ ಮೊದಲ ಸಲ ಆದಾಗ ಡಾಕ್ಟರ್ ಕಡೆ ಎದಿ ತೋರಿಸ್ಕೊಂಡ ಬಿಡ್ರಿ, ಸಂಶೇ ಉಳೀಬಾರ್ದು.

ರೀಡಿಂಗ್ ರೂಮಿನ್ಯಾಗ ದಿನಾ ಹನ್ನೆರಡ ತಾಸು ಕುಂದ್ರತೇನಿ ಅಕ್ಕಾ, ಆದ್ರೂ ತಲ್ಯಾಗ ಏನೂ ಉಳಿಯಂಗಿಲ್ಲ.

ನಿನ್ನ ಪುಸ್ತಕ ನೋಡಿದೆನಲ್ಲ ತಮ್ಮಾ ಮೊನ್ನೆ, ಪ್ರತಿ ಸಾಲಿನ ಕೆಳಗ ಹಳದಿ ಗೆರಿ, ಅದರ ಮ್ಯಾಲೆ ಹಸಿರ ಗೆರಿ, ಮಗ್ಗಲದಾಗ ಪೆನ್ಸಿಲಿನ್ಯಾಗ ಟಿಕ್, ನಾಲ್ಕ ಸಲ ಓದಿದ್ದಕ್ಕ ನಾಲ್ಕ ಟಿಕ್. ಐದನೇ ಸಲ ಓದಬ್ಯಾಡ. ಪುಸ್ತಕ ಮುಚ್ಚಿ ಖಾಲಿ ಹಾಳಿ ಮ್ಯಾಲೆ ನೆನಪಿದ್ದಷ್ಟ ಬರಿ. 2006ರಾಗ ರೋಡಿಗರ್ ಮತ್ತ ಕಾರ್ಪಿಕಿ ಅನ್ನೋ ಇಬ್ಬರು ತೋರಸಿದ್ರು, ಹೊಳ್ಳಿ ಹೊಳ್ಳಿ ಓದಿದವರಿಗೆ ಐದ ನಿಮಿಷದ ಮ್ಯಾಲೆ ಟೆಸ್ಟ್ ಇಟ್ರ ಛಲೋ ಬರ್ತೈತಿ, ಆದ್ರ ಒಂದ ವಾರ ಬಿಟ್ಟು ಕೇಳಿದ್ರ ಪುಸ್ತಕ ಮುಚ್ಚಿ ನೆನಪ ಮಾಡ್ಕೊಂಡವರಿಗೆ ಜಾಸ್ತಿ ಉಳದಿತ್ತು. ಇವತ್ತ ಓದಿದ್ದನ್ನ ನಾಳೆ, ಮತ್ತ ನಾಲ್ಕ ದಿನ ಬಿಟ್ಟು, ಮತ್ತ ಹತ್ತ ದಿನ ಬಿಟ್ಟು ಹಿಂಗ ಬರದ ನೋಡು. ಹನ್ನೆರಡ ತಾಸು ಬ್ಯಾಡ, ಆರ ತಾಸು ಸಾಕು, ಉಳದ ಹೊತ್ತು ಮಲಗು. ಓದಿದ್ದು ಗಟ್ಟಿ ಆಗೋದು ನಿದ್ದ್ಯಾಗ, ನಿಮ್ಮ ವಯಸ್ಸಿಗೆ ಏಳರಿಂದ ಒಂಬತ್ತ ತಾಸು ಬೇಕು. ಸಂಜಿ ಆರಕ್ಕ ಕುಡದ ಚಾ ಕಾಫಿಯೊಳಗಿನ ಕೆಫೀನ್ ಐದ ತಾಸಿನ ಮ್ಯಾಲೂ ಅರ್ಧ ಒಳಗ ಇರ್ತೈತಿ, ಅದಕ್ಕ ರಾತ್ರಿ ಓದಾಕ ಅಂತ ಚಾ ಕುಡದ್ರ ಮರುದಿನದ ಓದು ಹೋಗ್ತೈತಿ.

ಮಲಗೋ ಮುಂದ ಮೊಬೈಲ್ ಬಿಡಾಕ ಆಗಂಗಿಲ್ಲ.

ಮೊಬೈಲ್ ಚಾರ್ಜಿಗೆ ಹಚ್ಚೋ ಜಾಗಾ ಮಂಚದಿಂದ ದೂರ ಮಾಡ್ರಿ, ಐದ ಹೆಜ್ಜಿ ಎದ್ದ ಹೋಗಬೇಕಾಗಲಿ. ಅಲಾರಾಂಗೆ ಸಣ್ಣ ಗಡಿಯಾರ ತಗೋರಿ. ರೂಮಿನ ನಾಲ್ಕೂ ಮಂದಿ ಕೂಡಿ ಮಾಡಿದ್ರ ಒಬ್ಬಾಕಿನ ಮಾಡೋದಕ್ಕಿಂತ ಸರಳ ಆಗ್ತೈತಿ.

ನಾ ಕನ್ನಡ ಮೀಡಿಯಂ. ಕ್ಲಾಸಿನ್ಯಾಗ ಎಲ್ಲಾರೂ ಇಂಗ್ಲಿಷಿನ್ಯಾಗ ಮಾತಾಡೋ ಮುಂದ ಇಲ್ಲಿಗೆ ತಪ್ಪಿ ಬಂದೇನೋ ಅನಸ್ತೈತಿ.

ಈ ಮಾತ ಕೇಳಿದಾಗ ನನ್ನ ಹೊಟ್ಟಿ ಚುರ್ ಅಂತೈತಿ, ಯಾಕಂದ್ರ ನಾನೂ ಮೊದಲ ಸೆಮಿನಾರಿನ ದಿನ ಜ್ವರ ಬಂದೈತಿ ಅಂತ ಸುಳ್ಳ ಹೇಳಿ ರೂಮಿನ್ಯಾಗ ಕುಂತಾಕಿ. ನಾ ಇಲ್ಲಿಗೆ ಲಾಯಕ್ಕಿಲ್ಲ, ಒಂದಿಲ್ಲ ಒಂದ ದಿನ ಸಿಕ್ಕ ಬೀಳ್ತೇನಿ ಅನ್ನೋ ಈ ಅನಿಸಿಕಿಗೆ ಇಂಪೋಸ್ಟರ್ ಅನ್ನೋ ಹೆಸರ ಐತಿ, 1978ರಾಗ ಕ್ಲಾನ್ಸ್ ಮತ್ತ ಐಮ್ಸ್ ಅನ್ನೋ ಇಬ್ಬರು ಸೈಕಾಲಜಿಸ್ಟ್‌ಗಳು ಇದರ ಬಗ್ಗೆ ಮೊದಲ ಬರದ್ರು, ಅವರು ನೋಡಿದ್ದು ಸೋತವರನ್ನಲ್ಲ, ಛಲೋ ಸಾಧನೆ ಮಾಡಿದ ಹೆಣ್ಣಮಕ್ಕಳನ್ನ. ನಿಮ್ಮ ಸೀಟ್ ನಿಮಗ ಮಾರ್ಕ್ಸ್ ಮ್ಯಾಲೆ ಸಿಕ್ಕೈತಿ. ವಿಷಯ ಬರಂಗಿಲ್ಲ ಅನ್ನೋದು ಬ್ಯಾರೆ, ಭಾಷೆ ಬರಂಗಿಲ್ಲ ಅನ್ನೋದು ಬ್ಯಾರೆ, ಇವೆರಡನ್ನ ಒಂದ ಗಂಟ ಕಟ್ಟಬ್ಯಾಡ್ರಿ. ಪಾಠ ಮೊದಲ ಕನ್ನಡದಾಗ ತಿಳಕೋರಿ, ಪೂರಾ ತಿಳದ ಮ್ಯಾಲೆ ಅದೇ ಪಾಠದ ಇಪ್ಪತ್ತ ಇಂಗ್ಲಿಷ್ ಶಬ್ದ ಬರದ ಇಟ್ಕೋರಿ. ಸೆಮಿನಾರ್ ಕನ್ನಡದಾಗ ಕೊಡ್ಲೇನು ಅಂತ ಸರ್‌ಗೆ ಒಮ್ಮೆ ಕೇಳ್ರಿ, ನಾ ಕೇಳಿದಾಗ ಹೂಂ ಅಂದಿದ್ರು, ಅವತ್ತ ನಲವತ್ತ ನಿಮಿಷ ಮಾತಾಡಿದೆ.

ಎರಡ ಸಬ್ಜೆಕ್ಟ್ ಉಳದಾವ. ಅಪ್ಪಗ ಹೆಂಗ ಹೇಳಲಿ? ಮೆಣಸಿನಕಾಯಿ ಮಾರಿದ ರೊಕ್ಕದಾಗ ಫೀ ಕಟ್ಟ್ಯಾನ.

ಹಾವೇರಿ ಕಡೆ ಹುಡುಗ ಕೇಳಿದ್ದು ಇದು. ಅವರಪ್ಪ ಬ್ಯಾಡಗಿ ಮಾರ್ಕೆಟ್ಟಿಗೆ ಚೀಲ ಒಯ್ದು ರೇಟ್ ಬಿದ್ದ ದಿನಾನ ಮಾರಿ ಬಂದಿದ್ದ, ಆ ಚೀಟಿ ಹುಡುಗನ ಪಾಕೀಟಿನ್ಯಾಗ ಇತ್ತು, ಮಡಚಿ ಮಡಚಿ ಅಂಚ ಹರದಿತ್ತು. ಅವ ಹೇಳಿದ್ದು, ಓದಾಕ ಕುಂತಾಗೆಲ್ಲಾ ಚೀಟಿ ನೆನಪಾಗ್ತೈತಿ, ನೆನಪಾದ್ರ ಓದಾಕ ಆಗಂಗಿಲ್ಲ ಅಂತ.

ಹೇಳ್ರಿ. ರಿಸಲ್ಟ್ ಬಂದ ವಾರದಾಗನ ಹೇಳ್ರಿ, ಬ್ಯಾರೆಯವರ ಬಾಯಿಂದ ಅಪ್ಪಗ ಗೊತ್ತಾಗೋಕ್ಕಿಂತ ಮೊದಲ. ಫೋನಿನ್ಯಾಗ ಬ್ಯಾಡ, ಊರಿಗೆ ಹೋಗಿ ಊಟ ಆದ ಮ್ಯಾಲೆ ಕಟ್ಟಿ ಮ್ಯಾಲೆ ಕುಂತಾಗ ಹೇಳ್ರಿ. ಎದುರ ನಿಂತ ಹೇಳೋದಕ್ಕಿಂತ ಮಗ್ಗಲದಾಗ ಕುಂತ ಹೇಳೋದು ಸರಳ. "ಅಪ್ಪಾ ಎರಡ ಸಬ್ಜೆಕ್ಟ್ ಉಳದಾವ, ಮತ್ತ ಕಟ್ಟಾಕ ಫೀ ಇಷ್ಟ ಆಗ್ತೈತಿ, ಪರೀಕ್ಷೆ ಈ ತಿಂಗಳ ಐತಿ, ಹಿಂಗ ಓದ್ತೇನಿ" ಅಂತ ನಾಲ್ಕ ಮಾತ ಮೊದಲ ಜೋಡಿಸಿಟ್ಕೊಂಡ ಹೋಗ್ರಿ. ಬೈತಾನ, ಬೈಲಿ. ಹೊಲದಾಗ ಬೆಳಿ ಹೋದದ್ದನ್ನ ನೋಡಿ ಮತ್ತ ಬಿತ್ತಿದ ಮನಶ್ಯಾಗ ಎರಡ ಸಬ್ಜೆಕ್ಟ್ ತಿಳಿಯಂಗಿಲ್ಲ ಅಂತ ನೀವ ತೀರ್ಮಾನ ಮಾಡಬ್ಯಾಡ್ರಿ. ಮನ್ಯಾಗ ಕೈ ಮಾಡೋ ಅಪ್ಪ ಇದ್ರ ಮಾತ್ರ ಬ್ಯಾರೆ, ಆಗ ಅವ್ವನ್ನೋ ಸೋದರಮಾವನ್ನೋ ಮುಂದ ಮಾಡ್ಕೋರಿ.

ಡಿಗ್ರಿ ಮುಗದು ನಾಲ್ಕ ವರ್ಷ ಆತು, ಪಿಎಸ್‌ಐ, ಕೆಎಎಸ್ ಅಂತ ಓದ್ತಾನ ಅದೀನಿ. ಬಿಡಬೇಕೋ ಬ್ಯಾಡೋ?

ಸಪ್ತಾಪುರದಾಗ ಒಂದೊಂದ ಓಣಿಗೆ ಹಿಂಗ ನೂರಾರ ಮಂದಿ ಅದಾರ, ಅವರ ತ್ರಾಸ ಎಲ್ಲಾ ಅವರ ತಪ್ಪಲ್ಲ. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರಿನ್ಯಾಗ ಪರೀಕ್ಷೆ ಆತು, ಅಕ್ರಮ ಹೊರಗ ಬಿದ್ದು 2022ರಾಗ ರದ್ದಾತು, ಮತ್ತ ಪರೀಕ್ಷೆ ಆಗಿದ್ದು 2024ರ ಜನವರಿಯೊಳಗ. ನ್ಯಾಯವಾಗಿ ಓದಿ ಬರದವರ ಎರಡ ವರ್ಷಕ್ಕ ಮ್ಯಾಲೆ ಅಲ್ಲೇ ಹೋದವು. ಆ ಹೊತ್ತಿಗೆ "ನನ್ನ ನಸೀಬಾನ ಸರಿ ಇಲ್ಲ" ಅಂತ ಗ್ವಾಡಿ ನೋಡ್ಕೊಂಡ ಕುಂತ ಹುಡುಗ್ರನ್ನ ನಾ ನೋಡೇನಿ.

ಬಿಡ್ರಿ ಅಂತ ನಾ ಹೇಳಂಗಿಲ್ಲ. ಆದ್ರ ಒಂದ ಹಾಳಿ ಮ್ಯಾಲೆ ತಾರೀಖು ಹಾಕಿ ಬರೀರಿ: ಇನ್ನ ಎಷ್ಟ ಅಟೆಂಪ್ಟ್, ವಯಸ್ಸಿನ ಮಿತಿ ಎಂದ ಮುಗೀತೈತಿ, ಅಲ್ಲಿ ತನಕ ರೊಕ್ಕ ಎಲ್ಲಿಂದ. ಜೋಡಿಗೆ ಒಂದ ಕೆಲಸ ಹಿಡೀರಿ, ಅರ್ಧ ದಿನದ್ದಾರ ಸೈ, ಟ್ಯೂಷನ್, ಅಂಗಡಿ ಲೆಕ್ಕ, ಡಿಟಿಪಿ, ಏನರ. ನಾಲ್ಕ ವರ್ಷ "ಓದ್ತಿದ್ದೇನಿ" ಅನ್ನೋದ ಒಂದ ಉತ್ತರ ಇಟ್ಕೊಂಡವರು ಲಗ್ನ ಮುಂಜಿಗೆ ಹೋಗೋದು ಬಿಡ್ತಾರ, ಊರಿಗೆ ಹೋಗೋದು ಬಿಡ್ತಾರ, ಮಂದಿ ಕೇಳ್ತಾರ ಅಂತ. ತಿಂಗಳಿಗೆ ಮೂರ ಸಾವಿರ ತಾವ ಗಳಿಸಿದ್ರೂ ಆ ಅಂಜಿಕಿ ಅರ್ಧ ಇಳಿಯೋದನ್ನ ನಾ ಕಣ್ಣಾರೆ ನೋಡೇನಿ.

ಪರ್ಸನಾಲಿಟಿ ಡೆವಲಪ್‌ಮೆಂಟ್ ಕೋರ್ಸ್ ಸೇರಲೇನು?

ರೊಕ್ಕ ಜಾಸ್ತಿ ಇದ್ರ ಸೇರ್ರಿ. ಇಲ್ಲದಿದ್ರ ಎನ್ನೆಸ್ಸೆಸ್ ಸೇರ್ರಿ, ನಾಟಕದ ತಂಡ ಸೇರ್ರಿ, 1890ರಿಂದ ನಡದ ಬಂದ ಕರ್ನಾಟಕ ವಿದ್ಯಾವರ್ಧಕ ಸಂಘದಾಗ ಸಂಜಿ ಉಪನ್ಯಾಸ ಇದ್ದಾಗ ಹೋಗಿ ಹಿಂದಿನ ಸಾಲಿನ್ಯಾಗ ಕುಂದರ್ರಿ, ಮುಗದ ಮ್ಯಾಲೆ ಒಂದ ಪ್ರಶ್ನಿ ಎದ್ದ ನಿಂತ ಕೇಳ್ರಿ. ಆ ಒಂದ ಪ್ರಶ್ನಿ ಕೇಳೋದು ನನಗ ಎಂಟನೇ ಸಲಕ್ಕ ಆತು.

ಕೌನ್ಸೆಲರ್, ಸೈಕಾಲಜಿಸ್ಟ್, ಸೈಕಿಯಾಟ್ರಿಸ್ಟ್, ಯಾರ ಕಡೆ ಹೋಗಬೇಕು? ಭಾಳ ರೊಕ್ಕ ಆಗ್ತೈತೇನು?

ಸೈಕಿಯಾಟ್ರಿಸ್ಟ್ ಅಂದ್ರ ಎಂಬಿಬಿಎಸ್ ಆದ ಮ್ಯಾಲೆ ಮನೋರೋಗ ಓದಿದ ಡಾಕ್ಟರ್, ಗುಳಿಗಿ ಬರಿಯೋರು ಅವರು. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಮ್ಯಾಲೆ ಚಿಕಿತ್ಸೆ ಮಾಡ್ತಾರ, ಅವರಿಗೆ ಆರ್‌ಸಿಐ (ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾ) ನೋಂದಣಿ ಇರ್ಬೇಕು, ಕೇಳಿ ನೋಡ್ರಿ, ಕೇಳೋದು ತಪ್ಪಲ್ಲ. ಕೌನ್ಸೆಲರ್ ಓದು, ಮನಿ, ಸಂಬಂಧದ ತ್ರಾಸಕ್ಕ. 2025ರ ಜುಲೈದಾಗ ಸುಪ್ರೀಂ ಕೋರ್ಟ್ ಹೇಳೈತಿ, 100 ಮತ್ತ ಅದಕ್ಕಿಂತ ಹೆಚ್ಚ ವಿದ್ಯಾರ್ಥಿಗಳಿರೋ ಶಿಕ್ಷಣ ಸಂಸ್ಥೆಯೊಳಗ ತರಬೇತಿ ಆದ ಒಬ್ಬ ಕೌನ್ಸೆಲರ್ ಇಲ್ಲಾ ಸೈಕಾಲಜಿಸ್ಟ್ ಇಲ್ಲಾ ಸೋಶಿಯಲ್ ವರ್ಕರ್ ಇರಬೇಕಂತ, ಕೋಚಿಂಗ್ ಸೆಂಟರಿಗೂ ಆ ಆದೇಶ ಐತಿ. ನಿಮ್ಮ ಕಾಲೇಜಿನ್ಯಾಗ ಯಾರಂತ ಆಫೀಸಿನ್ಯಾಗ ಕೇಳ್ರಿ.

ಧಾರವಾಡದವರಿಗೆ ಡಿಮ್ಹಾನ್ಸ್ ಐತಿ, ಮಾನಸಿಕ ಆರೋಗ್ಯದ ಆಸ್ಪತ್ರಿ, ಸರ್ಕಾರಿ, ಖರ್ಚ ಕಡಿಮಿ. ಹುಬ್ಬಳ್ಳಿ ಕಿಮ್ಸ್, ಈಗಿನ ಕೆಎಂಸಿಆರ್‌ಐ‌ನ್ಯಾಗೂ, ಗದಗ ಜಿಮ್ಸ್‌ನ್ಯಾಗೂ, ಹಾವೇರಿ ಜಿಲ್ಲಾ ಆಸ್ಪತ್ರ್ಯಾಗೂ ಮನೋವೈದ್ಯರು ಸಿಗ್ತಾರ. ಎಲ್ಲಿಗೂ ಹೋಗಾಕ ಆಗದಿದ್ರ 14416ಕ್ಕ ಫೋನ್ ಹಚ್ಚರಿ, ಟೆಲಿ-ಮಾನಸ್ ಅಂತಾರ ಅದಕ್ಕ, ಸರ್ಕಾರದ್ದು, 2022ರ ಅಕ್ಟೋಬರ್ 10ಕ್ಕ ಶುರುವಾಗಿದ್ದು, ಹಗಲಿ ರಾತ್ರಿ ಇರ್ತೈತಿ, ಪುಕ್ಕಟೆ, ಕನ್ನಡದಾಗ ಮಾತಾಡ್ತಾರ.

ಡಿಮ್ಹಾನ್ಸಾ? ಅದು ಹುಚ್ಚರ ಆಸ್ಪತ್ರಿ ಅಲ್ಲೇನು? ಯಾರಾರ ನೋಡಿದ್ರ ಲಗ್ನ, ನೌಕರಿ ಎಲ್ಲಾ ಹೋಗ್ತೈತಿ.

"ನಿನ್ನ ಧಾರವಾಡಕ್ಕ ಕಳಸ್ಬೇಕು" ಅಂತ ನಮ್ಮ ಕಡೆ ಬೈತಾರಲ್ಲ, ಆ ಬೈಗಳ ಕೇಳಿ ಬೆಳದವರು ನಾವು, ಅದಕ್ಕ ಗೇಟಿನ ಮುಂದ ಕಾಲ ತಡೀತಾವ, ನನಗೂ ತಡದಿದ್ದವು. 1845ರಾಗ ಬ್ರಿಟಿಷರ ಕಾಲಕ್ಕ ಅದು ಹಂಗ ಶುರುವಾತು ಖರೆ. ಈಗ ಅದು ಡಾಕ್ಟರ್‌ಗಳು ಓದಿ ತಯಾರಾಗೋ ಸಂಸ್ಥೆ. ನಾ ಹೋದ ದಿನ ಪಾಳಿಯೊಳಗ ನನ್ನ ಮುಂದ ಇದ್ದಾಕಿ ನಿದ್ದಿ ಬರವಲ್ತು ಅಂತ ಬಂದ ಟೀಚರ್, ಹಿಂದ ತಲಿನೋವು ಅಂತ ಬಂದ ಒಬ್ಬ ಅಜ್ಜ, ಬಾಣಂತಿ ಮಗಳನ್ನ ಕರಕೊಂಡ ಬಂದ ತಾಯಿ. ಎಲ್ಲಾರೂ ನಮ್ಮ ನಿಮ್ಮಂಥಾವರ.

ನಿಮ್ಮ ವಿಷಯ ಗುಟ್ಟಾಗಿ ಇಡಬೇಕಂತ 2017ರ ಮಾನಸಿಕ ಆರೋಗ್ಯ ಕಾಯ್ದಿಯೊಳಗನ ಐತಿ. ಡಾಕ್ಟರ್ ಹೋಗಿ ಕಾಲೇಜಿಗೆ ಹೇಳಂಗಿಲ್ಲ. ಲಗ್ನದ ಮಾತಿಗೆ ನನ್ನ ಹತ್ರ ಪೂರಾ ಉತ್ತರ ಇಲ್ಲ, ಮಂದಿ ಮಾತಾಡ್ತಾರ. ಆದ್ರ ಚಿಕಿತ್ಸೆ ತಗೊಂಡು ಆರಾಮಾಗಿ ಸಂಸಾರ ಮಾಡೋರ ಬಗ್ಗೆ ಯಾರೂ ಮಾತಾಡಂಗಿಲ್ಲ, ಅದಕ್ಕ ಅವರು ನಮ್ಮ ಕಣ್ಣಿಗೆ ಬೀಳಂಗಿಲ್ಲ.

ಅವ್ವ ದೃಷ್ಟಿ ಆಗೈತಿ ಅಂತಾಳ, ಮಠಕ್ಕ ಕರಕೊಂಡ ಹೋಗ್ತಾಳ.

ಹೋಗಿ ಬರ್ರಿ, ಅವ್ವನ ಸಮಾಧಾನನೂ ಮುಖ್ಯ. ಆಸ್ಪತ್ರಿಗೂ ಹೋಗ್ರಿ. ಬಡಿಯೋದು, ಉಪವಾಸ ಕೆಡವೋದು, ಗುಳಿಗಿ ಬಿಡಸೋದು ಮಾಡೋ ಜಾಗಾಕ್ಕ ಮಾತ್ರ ಹೋಗಬ್ಯಾಡ್ರಿ.

ಗುಳಿಗಿ ಶುರು ಮಾಡಿದ್ರ ಜೀವಮಾನ ತಿನ್ನಬೇಕೇನು? ಚಟ ಆಗ್ತೈತಂತ.

ಡಿಪ್ರೆಶನ್ ಗುಳಿಗಿ ದಾರೂ ಚಟದಂಗ ಹಿಡಿಯಂಗಿಲ್ಲ. ಕೆಲಸಾ ಮಾಡಾಕ ಎರಡರಿಂದ ನಾಲ್ಕ ವಾರ ಬೇಕು, ಮೊದಲ ವಾರ ಹೊಟ್ಟಿ ತೊಳಸ್ತೈತಿ, ತಲಿ ಭಾರ ಆಗ್ತೈತಿ, ಇಲ್ಲೇ ಭಾಳ ಮಂದಿ ಬಿಡ್ತಾರ. ನಾನೂ ಒಂಬತ್ತನೇ ದಿನಕ್ಕ ಬಿಟ್ಟಿದ್ದೆ, ಡಾಕ್ಟರ್ ಹೊಳ್ಳಿ ಶುರು ಮಾಡಸಿದ್ರು. ನಿಮ್ಮ ವಯಸ್ಸಿನವರಿಗೆ ಮೊದಲ ಕೆಲವು ವಾರ ಚಡಪಡಿಕಿ ಹೆಚ್ಚಾದ್ರ, ಸಾಯೋ ವಿಚಾರ ಹೆಚ್ಚಾದ್ರ ಅವತ್ತ ಹೋಗಿ ಡಾಕ್ಟರ್‌ಗೆ ಹೇಳಬೇಕು. ಆರಾಮಾತು ಅಂತ ಒಮ್ಮೆಲೆ ನಿಲ್ಲಸಬಾರ್ದು, ಸಾಮಾನ್ಯ ಆರಾಮಾದ ಮ್ಯಾಲೂ ಆರ ತಿಂಗಳಾರ ಮುಂದುವರಸ್ತಾರ, ಆಮ್ಯಾಲೆ ಸಾವಕಾಶ ಇಳಸ್ತಾರ. ನಿದ್ದಿ ಗುಳಿಗಿದ ಮಾತ ಬ್ಯಾರೆ, ಅವು ಚಟ ಹಿಡೀತಾವ, ಯಾರದೋ ಚೀಟಿ ತೋರಿಸಿ ಮೆಡಿಕಲ್ ಶಾಪಿನ್ಯಾಗ ಇಸ್ಕೊಂಡ ತಿನ್ನಬ್ಯಾಡ್ರಿ.

ನನ್ನ ದೋಸ್ತ "ನಾ ಇಲ್ಲದಿದ್ರ ಎಲ್ಲಾರಿಗೂ ಛಲೋ" ಅಂದ. ಚ್ಯಾಷ್ಟಿ ಇರಬಹುದೇನು?

ಚ್ಯಾಷ್ಟಿ ಅಂತ ಬಿಡಬ್ಯಾಡ್ರಿ. ಹತ್ರ ಕುಂತು ನೇರ ಕೇಳ್ರಿ, "ಸಾಯೋ ವಿಚಾರ ಬರಾಕತ್ತೈತೇನಲೇ?" ಅಂತ. ಕೇಳಿದ್ರ ಆ ವಿಚಾರ ನಾವ ತಲ್ಯಾಗ ಹಾಕಿದಂಗ ಆಗಂಗಿಲ್ಲ, ಹೊತಗೊಂಡ ಭಾರ ಇಳಸಾಕ ಅವಂಗ ಜಾಗಾ ಸಿಗ್ತೈತಿ. ಹೂಂ ಅಂದ್ರ ಬುದ್ಧಿ ಹೇಳಾಕ ಹೋಗಬ್ಯಾಡ್ರಿ, ತಂದಿ ತಾಯಿ ನೆನಸ್ಕೋ ಅಂತ ಅನಬ್ಯಾಡ್ರಿ, ಅವ ಅವರನ್ನ ನೆನಸೇ ಹಣ್ಣಾಗಿರ್ತಾನ. ಒಬ್ಬನ್ನ ಬಿಡಬ್ಯಾಡ್ರಿ, ರಾತ್ರಿ ಅಲ್ಲೇ ಮಲಗ್ರಿ. ಅವನ ಜೋಡಿ ಕುಂತ 14416ಕ್ಕ ನೀವ ಫೋನ್ ಹಚ್ಚರಿ. ಈಗಿಂದೀಗ ಏನರ ಮಾಡ್ಕೋತಾನ ಅನಿಸಿದ್ರ 112, ಇಲ್ಲಾ ಆಟೋ ಮಾಡಿ ಹತ್ರದ ಆಸ್ಪತ್ರಿ. "ಯಾರಿಗೂ ಹೇಳಬ್ಯಾಡ" ಅಂತ ಆಣಿ ಇಡಸ್ಕೊಂಡಿದ್ರೂ ಮುರೀರಿ, ವಾರ್ಡನ್‌ಗೆ, ಮನಿಯವರಿಗೆ ಹೇಳ್ರಿ. ಸಿಟ್ಟಾಗ್ತಾನ, ಆಗಲಿ, ಸಿಟ್ಟಾಗಾಕರ ಇರ್ತಾನ. ಕೇಸ್ ಆಗ್ತೈತಿ ಅಂತ ಅಂಜಿ ಮುಚ್ಚಿಡೋರು ಅದಾರ, 2017ರ ಕಾಯ್ದೆ ಪ್ರಕಾರ ಪ್ರಯತ್ನ ಮಾಡಿದವರನ್ನ ಭಾರಿ ಒತ್ತಡದಾಗ ಇದ್ರು ಅಂತಾನ ನೋಡಬೇಕು, ಶಿಕ್ಷೆ ಕೊಡಂಗಿಲ್ಲ.

ಮತ್ತ ನೀವೂ ಆ ರಾತ್ರಿಯ ಭಾರ ಒಬ್ಬರ ಹೊರಬ್ಯಾಡ್ರಿ, ಮರುದಿನ ನೀವೂ ಯಾರ ಜೋಡಿಯಾರ ಮಾತಾಡ್ರಿ.

ಆಸ್ಪತ್ರಿಗೆ ಒಬ್ಬಾಕಿನ ಹೋಗಾಕ ಅಂಜಿಕಿ ಬರ್ತೈತಿ. ನೀವು ಬರ್ತೀರೇನು ಅಕ್ಕಾ?

ಬರ್ತೇನಿ. ಮಂಗಳವಾರ, ಗುರುವಾರ ಮುಂಜಾನೆ ನನಗ ಕ್ಲಾಸ್ ಇರಂಗಿಲ್ಲ. ಆಧಾರ್ ಕಾರ್ಡ್ ತಗೋ, ರಕ್ತ ತಪಾಸ ಮಾಡಸಿದ್ರ ಆ ರಿಪೋರ್ಟ್ ತಗೋ, ಎಂದಿಂದ ಹೆಂಗ ಆಗಾಕತ್ತೈತಿ ಅಂತ ಒಂದ ಹಾಳಿ ಮ್ಯಾಲೆ ಬರ್ಕೊಂಡ ಬಾ, ಒಳಗ ಹೋದ ಮ್ಯಾಲೆ ಬಾಯಿ ಕಟ್ಟಿದ್ರ ಆ ಹಾಳಿನ ಡಾಕ್ಟರ್ ಕೈಯಾಗ ಕೊಡು. ಪಾಳಿ ಉದ್ದ ಇರ್ತೈತಿ, ಮನ್ಯಾಗ ಏನರ ತಿಂದ ಬಾ. ಒಂಬತ್ತಕ್ಕ ಜುಬಿಲಿ ಸರ್ಕಲ್‌ನ್ಯಾಗ ನಿಂತಿರ್ತೇನಿ.